ತುಂಬಿದ ಎದೆಗೆ ತೂಬು



ನಾವೀಗ ಕೂಡಿರುವ ಊರು ಕೋಣನಕುಂಟೆ. ಕುಂಟೆಯೆಂದರೆ ಸಣ್ಣ ಕೆರೆ. ಇಂದು ಇಲ್ಲಿ ಮೆಟ್ರೋ ರೈಲು ಓಡುತ್ತಿದೆ. ಆದರೂ ಕೆರೆಯ ಸ್ವಭಾವ ಬಲ್ಲ ಹಿರಿಯರು ನಿಮ್ಮಲ್ಲಿ ಕೆಲವರಾದರೂ ಇರುವುದುಂಟು. ತುಂಬಿದ ಕೆರೆಯ ನೀರು ತೂಬಿನಿಂದ ಹೋಗಬೇಕು, ಇಲ್ಲವೇ ಕೋಡಿ ಹರಿಯಬೇಕು. ಎರಡನ್ನೂ ಮುಚ್ಚಿದರೆ ಏರಿಯೇ ಒಡೆಯುವುದು. ಭವಭೂತಿಯ ಉತ್ತರರಾಮಚರಿತದ ಮೂರನೆಯ ಅಂಕದಲ್ಲಿ, ಪಂಚವಟಿಗೆ ಮರಳಿ ಬಂದು ದುಃಖಿಸುವ ರಾಮನನ್ನು ಕಂಡು ತಮಸಾ ನದಿದೇವತೆಯು ಈ ಕೆರೆಯ ಹೋಲಿಕೆಯನ್ನೇ ತರುತ್ತಾಳೆ. ಪಾಠಶಾಲೆಯಲ್ಲಿ ಆ ಶ್ಲೋಕದ ಅಲಂಕಾರವನ್ನು ಬಿಡಿಸಿ ಹೇಳಿ ಗುರುಗಳಿಂದ ಭೇಷ್ ಎನಿಸಿಕೊಂಡವರು ನಾವು. ಅರ್ಥವಾದುದು ಮಾತ್ರ ಬಹಳ ತಡವಾಗಿ.

ಕೆಲವು ವರ್ಷಗಳ ಹಿಂದೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಮಠಕ್ಕೆ ಬಂದಳು. "ಅಳಬೇಡ ತಾಯಿ, ಧೈರ್ಯ ತಂದುಕೋ" ಎಂದು ಹೇಳಿ ಕಳುಹಿಸಿದೆವು. ಆಕೆ ಅದನ್ನು ಅಪ್ಪಣೆಯೆಂದೇ ಪಾಲಿಸಿದಳು. ಎರಡು ವರ್ಷಗಳ ಮೇಲೆ ಮತ್ತೆ ಬಂದು, "ಬುದ್ಧಿ, ತಾವು ಹೇಳ್ದಂಗೆ ಅಳ್ಲಿಲ್ಲ. ಈಗ ಅಳಾನ ಅಂದ್ರೂ ಬರಾಕಿಲ್ಲ. ಎದೆ ಮ್ಯಾಲೆ ಕಲ್ಲು ಮಡಗ್ದಂಗದೆ" ಎಂದಳು. ಹೃದಯವನ್ನು ಪರೀಕ್ಷಿಸಿದ ವೈದ್ಯರಿಗೆ ಅಲ್ಲಿ ಯಾವ ದೋಷವೂ ಸಿಕ್ಕಿರಲಿಲ್ಲ. ಕೋಡಿಗೆ ಮಣ್ಣು ಹಾಕಿದವರು ನಾವೇ ಆಗಿದ್ದೆವು.

ನಮ್ಮ ಹೆಣ್ಣುಮಕ್ಕಳು ಇದನ್ನು ಶಾಸ್ತ್ರ ಓದದೆಯೇ ಬಲ್ಲವರಾಗಿದ್ದರು. ತವರಿನ ನೆನಪನ್ನೂ ಅತ್ತೆಮನೆಯ ನೋವನ್ನೂ ಬೀಸುವ ಕಲ್ಲಿನ ಮುಂದೆ ಹಾಡಿಕೊಳ್ಳುತ್ತಿದ್ದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಾವಿನ ಮನೆಯಲ್ಲಿ ಸತ್ತವರ ಗುಣಗಳನ್ನು ಹಾಡಿ ಹಾಡಿ ಅಳುವ ರೂಢಿಯುಂಟು. ಈಗ ಮಿಕ್ಸಿ ಬಂದಿದೆ. ಅದರ ಸದ್ದಿನಲ್ಲಿ ಯಾರ ಹಾಡು ಯಾರಿಗೆ ಕೇಳೀತು!

ಸಿಟ್ಟನ್ನು ದಿಂಬಿಗೆ ಗುದ್ದಿ ಕಳೆಯಿರೆಂದು ಹೇಳುವವರಿದ್ದಾರೆ. ಅದು ಏರಿ ಒಡೆಯುವ ದಾರಿ. ಅಮೆರಿಕದ ಬುಷ್‌ಮನ್ ಎಂಬ ವಿದ್ವಾಂಸರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವನನ್ನು ನೆನೆಯುತ್ತ ಚೀಲಕ್ಕೆ ಗುದ್ದಿದವರ ಸಿಟ್ಟು, ಸುಮ್ಮನೆ ಕುಳಿತವರ ಸಿಟ್ಟಿಗಿಂತ ಹೆಚ್ಚಾಗಿತ್ತು. ಅಯಸ್ಕಾಂತ ಸವರಿ ದುಃಖವನ್ನು ಹೊರಗೆಳೆಯುವೆವೆಂದು ಹಣ ಕೇಳುವವರ ವಿಷಯದಲ್ಲಿ ನಾವು ಹೆಚ್ಚು ಹೇಳಬೇಕಾಗಿಲ್ಲ.

ತೂಬಿನ ದಾರಿ ನಿಧಾನದ್ದು. ಪೆನ್ನೆಬೇಕರ್ ಮತ್ತು ಬೀಲ್ ಎಂಬವರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಹಳೆಯ ನೋವನ್ನು ಬರೆದರು. ಬರೆದ ದಿನ ಮನಸ್ಸು ಕಲಕಿತು. ಆದರೆ ನಡೆದುದನ್ನೂ ಅದರಿಂದಾದ ಸಂಕಟವನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದುದು ಕಡಿಮೆ. ಅಕ್ಷರ ಬಾರದವರಿಗೆ ಬಾಯಿಯುಂಟು, ಕೇಳುವ ಕಿವಿ ಬೇಕು. ನಿದ್ರೆ, ಊಟ ಕೆಟ್ಟಿದ್ದರೆ, ಬದುಕೇ ಬೇಡವೆನಿಸಿದರೆ, ಮಠಕ್ಕೆ ಬಂದರೆ ಸಾಲದು, ಮನೋವೈದ್ಯರಲ್ಲಿಗೆ ಹೋಗಲೇಬೇಕು. 1974ರಲ್ಲಿ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ಆದ ನಿಮ್ಹಾನ್ಸ್ ನಿಮ್ಮ ನಗರದಲ್ಲೇ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ವೈದ್ಯರು ಕೊಟ್ಟ ಮಾತ್ರೆಯನ್ನು ವಿಭೂತಿ ಧರಿಸಿದೆವೆಂದು ನಿಲ್ಲಿಸಬೇಡಿರಿ.

ಆ ತಾಯಿಯನ್ನೂ ಮನೋವೈದ್ಯರಲ್ಲಿಗೆ ಕಳುಹಿಸಿದೆವು. ಕೆಲವು ತಿಂಗಳ ಮೇಲೆ ಆಕೆ ಮಗನ ಫೋಟೋ ಹಿಡಿದು ಬಂದಳು. "ಇವನ ಸುದ್ದಿ ಹೇಳು ತಾಯಿ" ಎಂದೆವು. ಅವನು ಈಜು ಕಲಿತದ್ದು, ಹೋಳಿಗೆಗೆ ಹಟ ಹಿಡಿದದ್ದು, ಎಲ್ಲ ಹೇಳುತ್ತ ಹೇಳುತ್ತ ಅತ್ತಳು. ನಾವು ನಡುವೆ ಬಾಯಿ ಹಾಕಲಿಲ್ಲ. ಅಂದು ಮಠದಲ್ಲಿ ಪ್ರಸಾದಕ್ಕೆ ಎಲೆ ಹಾಕುವಾಗ ಮೂರು ಗಂಟೆ ದಾಟಿತ್ತು.