ಚಿನ್ನದ ಊರಿಗೆ ಕಡಲ ಮೀನು

ಚಿನ್ನಕ್ಕೆ ಲೋಕದಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಬೆಲೆ. ಕೋಲಾರ ಚಿನ್ನದ ಗಣಿಯ ಊರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬೆರಳುದ್ದದ ಕಡಲ ಮೀನಿಗೆ ಈ ಲೆಕ್ಕ ಒಪ್ಪದು. ಬೆಂಗಳೂರಿನಲ್ಲಿ ಒಂದು ಬೆಲೆ, ಚೆನ್ನೈನಲ್ಲಿ ಇನ್ನೊಂದು, ಹಾಂಗ್‌ಕಾಂಗ್‌ನಲ್ಲಿ ಮತ್ತೊಂದು. ಏಕೆ ಹೀಗೆ?

2003ರಲ್ಲಿ ‘ಫೈಂಡಿಂಗ್ ನೀಮೊ’ ಚಿತ್ರ ಬಂದ ಮೇಲೆ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನು ಮಕ್ಕಳ ಅಚ್ಚುಮೆಚ್ಚಾಯಿತು. ‘ನನಗೂ ಬೇಕು’ ಎಂದು ಹಟ ಹಿಡಿದರೆ ಅಪ್ಪ ಅಮ್ಮ ಏನು ಮಾಡಬೇಕು? ಬಂಗಾರಪೇಟೆಯಲ್ಲಿ ರೈಲು ಹತ್ತಿ ಪಶ್ಚಿಮಕ್ಕೆ ಸುಮಾರು 70 ಕಿ.ಮೀ. ಹೋದರೆ ಬೆಂಗಳೂರು. ಪೂರ್ವಕ್ಕೆ ಸುಮಾರು 290 ಕಿ.ಮೀ. ಹೋದರೆ ಚೆನ್ನೈ, ಅಲ್ಲಿನ ಕೊಳತ್ತೂರು ಬಣ್ಣದ ಮೀನಿನ ವ್ಯಾಪಾರಕ್ಕೆ ಹೆಸರುವಾಸಿ.

ವಿದೇಶ ಪ್ರವಾಸ ಹೋದವರಿಗೆ ಇನ್ನೂ ದೊಡ್ಡ ಸಂತೆ ಕಾಣುತ್ತದೆ. ಹಾಂಗ್‌ಕಾಂಗ್‌ನ ತುಂಗ್ ಚೋಯ್ ಬೀದಿಯಲ್ಲಿ ಮೀನು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಬೆಲೆ ಬರೆದು ಸಾಲಾಗಿ ತೂಗುಹಾಕಿರುತ್ತಾರೆ. ಡಾಲರನ್ನು ರೂಪಾಯಿಗೆ ತಿರುಗಿಸಿ ‘ಅಗ್ಗ’ ಎಂದು ಹಿಗ್ಗುವುದು ಸುಲಭ. ಆದರೆ ಆ ಚೀಟಿಯಲ್ಲಿ ಇಲ್ಲದ ಸಂಗತಿಗಳೇ ಮುಖ್ಯ. ಮೀನು ಹವಳದ ದಿಬ್ಬದಿಂದ ಹಿಡಿದದ್ದೋ, ಸಾಕಣೆಯಲ್ಲಿ ಹುಟ್ಟಿದ್ದೋ? ಅಂಗಡಿಗೆ ಬಂದು ಎಷ್ಟು ದಿನವಾಯಿತು? ಮೇವು ತಿನ್ನುತ್ತಿದೆಯೇ? ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಸಯನೈಡ್ ಚಿಮುಕಿಸಿ ಮೀನು ಹಿಡಿಯುವ ಕೆಟ್ಟ ಪದ್ಧತಿಯುಂಟು. ಅಂಥ ಮೀನು ಅಂಗಡಿಯಲ್ಲಿ ಚೆನ್ನಾಗಿಯೇ ಕಂಡು, ಮನೆಗೆ ಬಂದ ಮೇಲೆ ಸಾಯಬಹುದು.

ವಿದ್ಯಾರ್ಥಿಗಳೇ, ಒಂದು ಲೆಕ್ಕ ಮಾಡಿ. 300 ರೂಪಾಯಿಯಂತೆ 4 ಮೀನು ಕೊಂಡು 2 ಮಾತ್ರ ಉಳಿದರೆ, ಉಳಿದ ಒಂದೊಂದಕ್ಕೆ ಬಿದ್ದ ಬೆಲೆ 600. ಪಕ್ಕದ ಅಂಗಡಿಯಲ್ಲಿ 500ರಂತೆ ಕೊಂಡ ನಾಲ್ಕೂ ಬದುಕಿದರೆ ಬೆಲೆ 500 ಮಾತ್ರ. ಯಾವುದು ಅಗ್ಗ?

ವಿದೇಶದಲ್ಲಿ ಕೊಂಡದ್ದನ್ನು ಚೀಲದಲ್ಲಿಟ್ಟು ತರುವಂತೆಯೂ ಇಲ್ಲ. ಜೀವಂತ ಮೀನಿನ ಆಮದಿಗೆ ಮುಂಚಿತ ಪರವಾನಗಿ ಬೇಕು, ರೋಗ ತಪಾಸಣೆ ಆಗಬೇಕು. ಕಲ್ಲುಹವಳ ಮತ್ತು ಕಡಲಕುದುರೆಗಳು 2001ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿವೆ. ಅವುಗಳ ವ್ಯಾಪಾರ ಅಪರಾಧ. ಕ್ಲೌನ್ ಮೀನಿಗಾದರೋ ವಿದೇಶಕ್ಕೆ ಹೋಗಬೇಕಿಲ್ಲ. ಅದನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ.

ಮೀನಿನ ಬೆಲೆಗಿಂತ ಮನೆಯ ಖರ್ಚು ದೊಡ್ಡದು. ಕಡಲ ನೀರಿನ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. 100 ಲೀಟರಿನ ತೊಟ್ಟಿಗೆ ಮೂರೂವರೆ ಕಿಲೋ. ವಾರಕ್ಕೆ 10 ಲೀಟರ್ ಬದಲಿಸಿದರೆ ವರ್ಷಕ್ಕೆ ಮತ್ತೆ 18 ಕಿಲೋ. ಅಡುಗೆ ಉಪ್ಪು ನಡೆಯದು. ಅಕ್ವೇರಿಯಂಗೆಂದೇ ತಯಾರಿಸಿದ ಉಪ್ಪು ಬೇಕು. ಕೊಳವೆಬಾವಿಯ ಗಡಸು ನೀರೂ ಆಗದು, ಶುದ್ಧೀಕರಿಸಿದ ನೀರೇ ಬೇಕು. ತೊಟ್ಟಿ ಹದಗೊಳ್ಳಲು ನಾಲ್ಕಾರು ವಾರ ಕಾಯಬೇಕು. ಆಮೇಲಷ್ಟೇ ಮೀನು.

ಕರೆಂಟು ಹೋದಾಗ ಗಾಳಿ ಪಂಪು ನಿಂತರೆ ಏನು ಗತಿ ಎಂದೂ ಯೋಚಿಸಬೇಕು. 2001ರಲ್ಲಿ ಮುಚ್ಚಿದ ಇಲ್ಲಿನ ಗಣಿಗಳಲ್ಲಿ ಮೂರು ಕಿ.ಮೀ. ಆಳಕ್ಕೂ ಮೇಲಿನಿಂದ ಗಾಳಿ ಕಳಿಸುತ್ತಿದ್ದರು. ಅಲ್ಲಿ ದುಡಿದ ಅಜ್ಜನನ್ನು ಕೇಳಿದರೆ ಗಾಳಿಯ ಬೆಲೆ ಏನೆಂದು ಆತ ಹೇಳಿಯಾನು. ಇಷ್ಟಕ್ಕೆಲ್ಲ ಸಿದ್ಧರಿದ್ದರೆ ಮಾತ್ರ ಅಂಗಡಿಗೆ ಹೋಗಿ. ಇಲ್ಲವಾದರೆ ಮೊದಲು ಸಿಹಿನೀರಿನ ಗಪ್ಪಿ ಸಾಕಿ, ಕೈ ಪಳಗಲಿ. ನೀಮೊ ಅಲ್ಲಿಯವರೆಗೆ ಕಾಯುತ್ತಾನೆ.