ಹುಲ್ಲು, ಸುದ್ದಿ ಮತ್ತು ರಾವುತರು

ಕಂದಿಕೆರೆಯಿಂದ ಚಿಕ್ಕನಾಯಕನಹಳ್ಳಿಯ ಕಡೆಗೆ ಹೊರಟವರ ಕಣ್ಣಿಗೆ ಇಂದು ಬೀಳುವುವು ತೆಂಗಿನ ತೋಟಗಳು ಮತ್ತು ರಾಗಿಯ ಹೊಲಗಳು. ಕೊಬ್ಬರಿಗೆ ಹೆಸರಾದ ಈ ಶಾಂತವಾದ ಸೀಮೆ ಹಿಂದೊಮ್ಮೆ ದಂಡಿನ ದಾರಿಯಾಗಿತ್ತು. 1791ರಲ್ಲಿ ಮರಾಠಾ ಸೇನಾನಿ ಪರಶುರಾಮ ಭಾವೂ, ಟಿಪ್ಪು ಸುಲ್ತಾನನ ಮೇಲೆ ಯುದ್ಧಕ್ಕೆ ಬಂದಿದ್ದ ಇಂಗ್ಲಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನನ್ನು ಕೂಡಿಕೊಳ್ಳಲು ಹೋಗುವಾಗ ಚಿಕ್ಕನಾಯಕನಹಳ್ಳಿಯನ್ನು ಸೂರೆಮಾಡಿದನು. ಸಾವಿರಾರು ಕುದುರೆಗಳ ಆ ದಂಡು ದಿನದಿನಕ್ಕೂ ಶ್ರೀರಂಗಪಟ್ಟಣಕ್ಕೆ ಹತ್ತಿರವಾಗುತ್ತಿತ್ತು. ಆದರೂ ಅಲ್ಲಿ ಅದಕ್ಕಾಗಿ ಹಾತೊರೆಯುತ್ತಿದ್ದ ಕಾರ್ನ್‌ವಾಲಿಸನಿಗೆ ಅದರ ಸುಳಿವೇ ಇರಲಿಲ್ಲ. ಧೂಳೆಬ್ಬಿಸಿಕೊಂಡು ಬರುವ ದೊಡ್ಡ ಸೈನ್ಯವೊಂದು ಮಿತ್ರನ ಕಣ್ಣಿಗೆ ಬೀಳದೆಹೋದುದು ಹೇಗೆ? ಲಘು ಅಶ್ವದಳವೆಂಬುದರ ಮರ್ಮವೆಲ್ಲ ಈ ಪ್ರಶ್ನೆಯಲ್ಲಿ ಅಡಗಿದೆ ಎಂದು ನಾವು ಭಾವಿಸುತ್ತೇವೆ.

ಅಶ್ವದಳವೆಂದರೆ ಕತ್ತಿ ಹಿರಿದು ಶತ್ರುವಿನ ಮೇಲೆ ನುಗ್ಗುವ ಸವಾರರ ಚಿತ್ರ ನಮ್ಮ ಮನಸ್ಸಿಗೆ ಬರುವುದುಂಟು. ಯೂರೋಪಿನಲ್ಲಿ ಆ ಕೆಲಸ ಭಾರಿ ಅಶ್ವದಳದ್ದು. ಎತ್ತರವಾದ ದಪ್ಪ ಕುದುರೆ, ಎದೆಗವಚ ತೊಟ್ಟ ಸವಾರ, ಉದ್ದನೆಯ ಖಡ್ಗ. ಯುದ್ಧದ ದಿನ ಒಂದು ಗಳಿಗೆ ಸಿಡಿಲಿನಂತೆ ಎರಗುವುದಕ್ಕಾಗಿ ಆ ಕುದುರೆಯನ್ನು ಉಳಿದ ದಿನಗಳಲ್ಲಿ ಜೋಪಾನಮಾಡಬೇಕಾಗಿತ್ತು. ಲಘು ದಳದ ರೀತಿಯೇ ಬೇರೆ. ಹಂಗೇರಿಯ ಹುಸ್ಸಾರರು, ಪೋಲೆಂಡಿನ ಈಟಿಗಾರರಾದ ಊಲಾನರು, ರಷ್ಯದ ಕೊಸಾಕರು ಚಿಕ್ಕ ಗಟ್ಟಿಮುಟ್ಟಾದ ಕುದುರೆಗಳ ಮೇಲೆ ಯುದ್ಧವಿಲ್ಲದ ದಿನಗಳಲ್ಲೇ ಹೆಚ್ಚು ದುಡಿಯುತ್ತಿದ್ದರು. ಸೈನ್ಯದ ಮುಂದೆ ಹೋಗಿ ಬೇಹು ನೋಡುವುದು, ಶತ್ರುವಿನ ಅಂಚೆಯವನನ್ನು ಹಿಡಿಯುವುದು, ಮೇವಿನ ಬಂಡಿಗಳನ್ನು ಸುಡುವುದು, ಸೋತು ಓಡುವವರನ್ನು ಬೆನ್ನಟ್ಟುವುದು ಇವರ ಕಸುಬು.

1744ರಲ್ಲಿ ಪ್ರಷ್ಯದ ದೊರೆ ಫ್ರೆಡರಿಕನು ಬೊಹಿಮಿಯಕ್ಕೆ ನುಗ್ಗಿ ಪ್ರಾಗ್ ನಗರವನ್ನು ಹಿಡಿದನು. ಆಸ್ಟ್ರಿಯದ ಸೇನಾನಿ ಟ್ರೌನನು ಅವನಿಗೆ ದೊಡ್ಡ ಕದನವನ್ನು ಕೊಡಲೇ ಇಲ್ಲ. ಹುಸ್ಸಾರರನ್ನು ಸುತ್ತಲೂ ಬಿಟ್ಟು ಮೇವು ತರುವವರನ್ನೂ ಸುದ್ದಿ ತರುವವರನ್ನೂ ತಡೆಯಿಸಿದನು. ಹಸಿವು ಮತ್ತು ಕುರುಡುತನಗಳಿಂದ ಕಂಗೆಟ್ಟ ಫ್ರೆಡರಿಕನು ಗೆದ್ದ ನಾಡನ್ನು ಬಿಟ್ಟು ಹಿಂದಿರುಗಬೇಕಾಯಿತು. ಟ್ರೌನನು ತನಗೆ ಗುರುವಾದನೆಂದು ಅವನೇ ಮುಂದೆ ಒಪ್ಪಿಕೊಂಡನು.

ಇದು ಏಕೆ ಸಾಧ್ಯವೆಂಬುದನ್ನು ತಿಳಿಯಲು ಕುದುರೆಯ ಹೊಟ್ಟೆಯೊಳಕ್ಕೆ ಇಣಿಕಬೇಕು. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಅದು ಅವಸರವಾಗಿ ಮೇದು, ಬಳಿಕ ನೆರಳಿನಲ್ಲಿ ಮಲಗಿ ಮೆಲುಕುಹಾಕಬಲ್ಲದು. ಕುದುರೆಗೆ ಮೆಲುಕಿಲ್ಲ. ಅದರ ಜಠರ ಒಂದೇ, ಅದೂ ದೇಹಕ್ಕೆ ಹೋಲಿಸಿದರೆ ಬಹಳ ಚಿಕ್ಕದು. ಹುಲ್ಲಿನ ನಾರು ಕೊಳೆತು ಅರಗುವುದು ಹಿಂಭಾಗದ ದೊಡ್ಡ ಕರುಳಿನಲ್ಲಿ. ಆದುದರಿಂದ ಸ್ವಲ್ಪಸ್ವಲ್ಪವಾಗಿ ದಿನದ ಬಹುಭಾಗ ಮೇಯುವುದೇ ಅದರ ಸ್ವಭಾವ. ಹಗಲೆಲ್ಲ ಸವಾರನನ್ನು ಹೊತ್ತು ನಡೆದರೆ ಮೇಯಲು ಹೊತ್ತೆಲ್ಲಿ? ಆಗ ಕಾಳು ಬೇಕಾಗುತ್ತದೆ. ನಮ್ಮ ನಾಡಿನ ಲಾಯಗಳಲ್ಲಿ ಹುರುಳಿ ಬೇಯಿಸಿ ಹಾಕುತ್ತಿದ್ದುದು ಇದಕ್ಕಾಗಿಯೇ.

ಒಂದು ಕುದುರೆಗೆ ಹುಲ್ಲು, ಕಾಳು ಸೇರಿ ದಿನಕ್ಕೆ ಸುಮಾರು 10 ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ. ಹತ್ತು ಸಾವಿರ ಕುದುರೆಗಳಿಗೆ ದಿನಕ್ಕೆ 100 ಟನ್ನು. ಹೇರಿನ ಎತ್ತೊಂದು 100 ಕಿಲೋಗ್ರಾಂ ಹೊರುವುದಾದರೆ ಒಂದೇ ದಿನದ ಮೇವಿಗೆ ಸಾವಿರ ಎತ್ತುಗಳು ಬೇಕು. ಆ ಎತ್ತುಗಳೂ ಮೇಯಬೇಕಷ್ಟೆ! ಹೀಗಾಗಿ ಯಾವ ಸೈನ್ಯವೂ ಮೇವನ್ನು ಮನೆಯಿಂದ ಹೊತ್ತು ತರಲಾರದು. ದಾರಿಯ ಹಳ್ಳಿಗಳ ಬಣವೆಗಳೇ ಅದಕ್ಕೆ ಆಧಾರ. ಬಣವೆಗೆ ಬೆಂಕಿ ಬಿದ್ದರೆ ಫಿರಂಗಿ ನಿಲ್ಲುತ್ತದೆ.

ಈ ಲೆಕ್ಕವನ್ನು ಹೈದರಾಲಿ ಚೆನ್ನಾಗಿ ಬಲ್ಲವನಾಗಿದ್ದನು. 1769ರಲ್ಲಿ ಅವನು ತನ್ನ ಫಿರಂಗಿ, ಸಾಮಾನು ಸರಂಜಾಮುಗಳನ್ನೆಲ್ಲ ಬೇರೆ ದಾರಿಗೆ ಕಳುಹಿಸಿ, ಸುಮಾರು ಆರು ಸಾವಿರ ಆಯ್ದ ರಾವುತರೊಡನೆ ಮೂರೂವರೆ ದಿನಗಳಲ್ಲಿ 130 ಮೈಲಿ ನಡೆದು ಮದರಾಸಿನ ಬಾಗಿಲಲ್ಲಿ ಪ್ರತ್ಯಕ್ಷನಾದನು. ದಿನಕ್ಕೆ ಸುಮಾರು 60 ಕಿಲೋಮೀಟರು! ಕೋಟೆಯನ್ನು ಒಡೆಯುವ ಸಾಧನ ಅವನ ಬಳಿ ಇರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಏಪ್ರಿಲ್ ತಿಂಗಳಲ್ಲಿ ಇಂಗ್ಲಿಷರು ಸಂಧಿಗೆ ಒಪ್ಪಿದರು. 1806ರಲ್ಲಿ ನೆಪೋಲಿಯನ್ನನ ಸೇನಾನಿ ಲಾಸಾಲನು ಕೆಲವೇ ನೂರು ಹುಸ್ಸಾರರಿಂದ ಸ್ಟೆಟಿನ್ ಕೋಟೆಯನ್ನು ಶರಣಾಗಿಸಿದುದನ್ನು ಯೂರೋಪಿನ ಚರಿತ್ರಕಾರರು ಕೊಂಡಾಡುತ್ತಾರೆ; ನಮಗಾದರೋ ಮದರಾಸಿನ ಸಾಹಸವೇ ಹಿರಿದಾಗಿ ತೋರುತ್ತದೆ.

ಹೀಗೆ ಹಗುರವಾಗಿ ನಡೆಯುವ ದಂಡಿನಲ್ಲಿ ಸ್ವಂತ ಕುದುರೆ, ಸ್ವಂತ ಆಯುಧ ತಂದು ಸಂಬಳಕ್ಕೆ ಸೇರಿದ ಸಿಲ್ಲೇದಾರರು ಬಹುಮಂದಿ. ಫಿರಂಗಿಗಳು ರಾವುತರಿಗಿಂತ ಬಹಳ ಹಿಂದೆ ಬೀಳದಂತೆ ಎಳೆಯುತ್ತಿದ್ದುವು ಅಮೃತಮಹಲ್ ಎತ್ತುಗಳು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಇಟ್ಟ ಹೆಸರೇ ಅಮೃತಮಹಲ್. ಈ ತಳಿಯ ಹುಲ್ಲುಗಾವಲುಗಳಾದ ‘ಕಾವಲು’ಗಳು ನಮ್ಮ ತುಮಕೂರು ಸೀಮೆಯಲ್ಲಿಯೂ ಹರಡಿದ್ದುವು, ತಿಪಟೂರಿನ ಬಳಿಯ ಕೊನೇಹಳ್ಳಿಯಲ್ಲಿ ಅದರ ಸಂವರ್ಧನ ಕೇಂದ್ರವುಂಟು. ತುರುವೇಕೆರೆಗೆ ನೆರೆಯ ಕುಣಿಗಲ್ಲಿನ ಕುದುರೆ ಫಾರಮ್ಮೂ ಅದೇ ಕಾಲದ ಅಶ್ವಪಾಲನೆಯ ಪರಂಪರೆಗೆ ಸೇರಿದುದು.

ಈಗ 1791ಕ್ಕೆ ಮರಳೋಣ. ಮೇ 15ರಂದು ಅರಕೆರೆಯ ಕದನದಲ್ಲಿ ಕಾರ್ನ್‌ವಾಲಿಸನು ಗೆದ್ದನು. ಶ್ರೀರಂಗಪಟ್ಟಣದ ಗೋಡೆಗಳು ಕಣ್ಣಿಗೆ ಕಾಣುತ್ತಿದ್ದುವು. ಆದರೆ ಬೆಂಗಳೂರಿನಿಂದ ಬಂದ ದಾರಿಯುದ್ದಕ್ಕೂ ಟಿಪ್ಪುವಿನ ಸವಾರರು ಮೇವನ್ನು ಸುಟ್ಟು ಹಳ್ಳಿಗಳನ್ನು ಬರಿದುಮಾಡಿದ್ದರು. ಎತ್ತುಗಳು ಗುಂಪುಗುಂಪಾಗಿ ಸತ್ತುವು. ಎಳೆಯುವವರಿಲ್ಲದ ಮುತ್ತಿಗೆಯ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತನ್ನ ಕೈಯಾರೆ ಒಡೆಯಿಸಿ ಗೆದ್ದ ಸೇನಾಪತಿ ಮೇ 26ರಂದು ಹಿಂದಿರುಗಿ ಹೊರಟನು. ಅಂದಿನ ನಡಿಗೆಯಲ್ಲೇ ಸವಾರರ ಗುಂಪೊಂದು ಎದುರಾಯಿತು. ಶತ್ರುಗಳೆಂದು ಇಂಗ್ಲಿಷರು ಸಜ್ಜಾದರು. ವಿಚಾರಿಸಿದರೆ ಅವರು ಮರಾಠರು! ಹರಿಪಂತ ಫಡಕೆ ಮತ್ತು ಪರಶುರಾಮ ಭಾವೂ ಇಬ್ಬರ ದಂಡುಗಳೂ ಬಂದುಬಿಟ್ಟಿದ್ದುವು. ಮತ್ತೆಮತ್ತೆ ಓಲೆ ಕಳುಹಿಸಿದ್ದೆವೆಂದು ಅವರು ಹೇಳಿದರು. ಒಂದೂ ತಲುಪಿರಲಿಲ್ಲ. ಎಲ್ಲವನ್ನೂ ಮೈಸೂರಿನ ರಾವುತರು ದಾರಿಯಲ್ಲೇ ಹಿಡಿದಿದ್ದರು. ಕೆಲವು ದಿನ ಮೊದಲು ಒಂದೇ ಒಂದು ಓಲೆ ದಾಟಿದ್ದರೆ ಆ ಫಿರಂಗಿಗಳು ಉಳಿಯುತ್ತಿದ್ದುವು, ಶ್ರೀರಂಗಪಟ್ಟಣದ ಮುತ್ತಿಗೆ ಮುಂದಿನ ವರ್ಷಕ್ಕೆ ಕಾಯಬೇಕಾಗುತ್ತಿರಲಿಲ್ಲ.

ಈ ಜಾಣ್ಮೆಯ ಬೆಲೆ ತೆತ್ತವನು ರೈತ. ಒಂದು ಕಡೆ ಸ್ವಂತ ದೊರೆಯ ಸವಾರರು ಬಣವೆ ಸುಟ್ಟರು. ಮತ್ತೊಂದು ಕಡೆ ಚಿಕ್ಕನಾಯಕನಹಳ್ಳಿಯಂಥ ಊರುಗಳನ್ನು ಪರರ ಸವಾರರು ಸೂರೆಮಾಡಿದರು. ಇಪ್ಪತ್ತೊಂದು ವರ್ಷಗಳ ಮೇಲೆ, 1812ರಲ್ಲಿ, ಮಾಸ್ಕೋದಿಂದ ಹಿಂದಿರುಗುತ್ತಿದ್ದ ನೆಪೋಲಿಯನ್ನನ ಸೈನ್ಯವನ್ನು ಕೊಸಾಕರು ಇದೇ ರೀತಿ ಕಾಡಿದಾಗ ರಷ್ಯದ ರೈತನ ಪಾಡೂ ಇದಕ್ಕಿಂತ ಲೇಸಾಗಿರಲಿಲ್ಲ.

1799ರ ಬಳಿಕ ಸಿಲ್ಲೇದಾರರು ಒಡೆಯರ ಸಂಸ್ಥಾನದ ಸೇವೆಗೆ ಬಂದರು. 1807ರ ಒಪ್ಪಂದದಂತೆ ಮೈಸೂರು 4,000 ಸವಾರರನ್ನು ಸಾಕಬೇಕಾಗಿತ್ತು. 1892ರಲ್ಲಿ ಮೈಸೂರು ಲ್ಯಾನ್ಸರ್ಸ್ ರಚಿತವಾಯಿತು. ಅಷ್ಟರಲ್ಲಿ ಬಂದೂಕಿನ ವೇಗ ಹೆಚ್ಚಿತ್ತು. 1854ರಲ್ಲಿ ಬಾಲಕ್ಲಾವದಲ್ಲಿ ಸುಮಾರು 670 ಮಂದಿ ಇಂಗ್ಲಿಷ್ ಲಘು ಸವಾರರನ್ನು ತಪ್ಪು ತಿಳಿವಳಿಕೆಯಿಂದ ಫಿರಂಗಿಗಳ ಬಾಯಿಗೆ ನೂಕಿದುದರ ಫಲವನ್ನು ಲೋಕ ಕಂಡಿತ್ತು. ಆದರೂ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾದಲ್ಲಿ ಮೈಸೂರು ಮತ್ತು ಜೋಧಪುರದ ಈಟಿಗಾರರು ಮೆಷಿನ್ ಗನ್ನುಗಳ ಎದುರಿಗೇ ನುಗ್ಗಿ ಊರನ್ನು ಹಿಡಿದರು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಮೇಲೆ ಏರಿಹೋದವರು ಮೈಸೂರಿನವರು. ಸುಮಾರು 1,350 ಮಂದಿ ಸೆರೆಸಿಕ್ಕರು. ನಮ್ಮ ಕಡೆ ಸತ್ತವರು 8 ಮಂದಿ, ಕುದುರೆಗಳು 60.

ಬೇಹಿನ ಕೆಲಸವನ್ನು ಆಗಲೇ ವಿಮಾನ ಕಸಿದುಕೊಳ್ಳುತ್ತಿತ್ತು, ಓಲೆಯ ಕೆಲಸವನ್ನು ನಿಸ್ತಂತು ವಾರ್ತೆ. ಸ್ವಾತಂತ್ರ್ಯಾನಂತರ, 1953ರಲ್ಲಿ, ಸಂಸ್ಥಾನಗಳ ಉಳಿದ ಸವಾರರನ್ನು ಸೇರಿಸಿ 61ನೆಯ ಅಶ್ವದಳವನ್ನು ಕಟ್ಟಲಾಯಿತು. ಮೈಸೂರು ಲ್ಯಾನ್ಸರ್ಸ್ ಅದರಲ್ಲಿ ಲೀನವಾಯಿತು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಮೈಸೂರು, ಜೋಧಪುರ, ಹೈದರಾಬಾದುಗಳ ಮೂವರು ಈಟಿಗಾರರ ಕಂಚಿನ ಪ್ರತಿಮೆಗಳಿವೆ. ಮೂವರೂ ನೆಲದ ಮೇಲೆ ನಿಂತಿದ್ದಾರೆ. ಕುದುರೆಗಳನ್ನು ಶಿಲ್ಪಿ ಕೆತ್ತಿಲ್ಲ.