ಸಾವಿರ ರೂಪಾಯಿಯ ಹೆಲ್ಮೆಟ್, ಒಂದು ಮನೆಯ ಲೆಕ್ಕ

2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳು ನಡೆದವು. 1,68,491 ಮಂದಿ ಸತ್ತರು, 4,43,366 ಮಂದಿ ಗಾಯಗೊಂಡರು. ಇದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯ ಲೆಕ್ಕ. ದಿನಕ್ಕೆ ಹಂಚಿದರೆ 462 ಸಾವು, 1,200ಕ್ಕೂ ಹೆಚ್ಚು ಗಾಯಾಳುಗಳು. ಕರ್ನಾಟಕದ ಪಾಲು 11,702 ಸಾವು, ಅಂದರೆ ದಿನಕ್ಕೆ 32.

ಸತ್ತವರ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಗಾಯಗೊಂಡವರು ‘ಆಸ್ಪತ್ರೆಗೆ ದಾಖಲು’ ಎಂಬಲ್ಲಿಗೆ ಮುಗಿದುಹೋಗುತ್ತಾರೆ. ಅವರ ಮನೆಯ ಲೆಕ್ಕ ಶುರುವಾಗುವುದೇ ಅಲ್ಲಿಂದ.

ತಲೆಗೆ ಬಿದ್ದ ಪೆಟ್ಟು

ಆ ವರ್ಷ ಸತ್ತವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029: ಗಾಡಿ ಓಡಿಸುತ್ತಿದ್ದವರು 35,692, ಹಿಂದೆ ಕೂತವರು 14,337. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕ 2016ರಲ್ಲೇ ಆದೇಶಿಸಿತ್ತು. ಇಂದಿಗೂ ಗಂಡನ ತಲೆಯ ಮೇಲೆ ಹೆಲ್ಮೆಟ್, ಹೆಂಡತಿಯ ತಲೆಯ ಮೇಲೆ ಸೆರಗು, ಟ್ಯಾಂಕಿನ ಮೇಲೆ ಕೂತ ಮಗುವಿನ ತಲೆ ಬರಿದು.

ಗಂಟೆಗೆ 40 ಕಿ.ಮೀ. ವೇಗ ನಮಗೆ ನಿಧಾನವೆನಿಸುತ್ತದೆ. ಅದೇ ವೇಗದಲ್ಲಿ ತಲೆ ನಿಂತ ಲಾರಿಗೆ ಬಡಿದರೆ, ಸುಮಾರು 6 ಮೀಟರ್ ಎತ್ತರದಿಂದ, ಅಂದರೆ ಎರಡು ಮಹಡಿ ಮೇಲಿನಿಂದ ಬಿದ್ದಷ್ಟು ಪೆಟ್ಟು. 60 ಕಿ.ಮೀ. ಆದರೆ 14 ಮೀಟರ್. ವೇಗ ಒಂದೂವರೆ ಪಟ್ಟಾದರೆ ಪೆಟ್ಟಿನ ಬಲ ಎರಡು ಪಟ್ಟು ದಾಟುತ್ತದೆ.

ಹೆಲ್ಮೆಟ್ಟಿನ ಒಳಗಿರುವ ಥರ್ಮಾಕೋಲಿನಂಥ ಪದರ ಈ ಪೆಟ್ಟಿಗೆ ತಾನು ಜಜ್ಜಿಹೋಗಿ ಮಿದುಳನ್ನು ಉಳಿಸುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಹೆಲ್ಮೆಟ್ ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಯ ಗಾಯದ ಅಪಾಯವನ್ನು ಶೇ 69ರಷ್ಟು ತಗ್ಗಿಸುವುದು ಕಂಡುಬಂದಿದೆ. ದಂಡದಿಂದ ತಪ್ಪಿಸಿಕೊಳ್ಳಲು ಹಾಕುವ ಅರ್ಧ ಟೋಪಿಯಲ್ಲಿ ಸಾಮಾನ್ಯವಾಗಿ ಆ ಪದರವೇ ಇರುವುದಿಲ್ಲ. ಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದ ಕ್ಷಣವೇ ಹಾರಿಹೋಗುತ್ತದೆ.

ಮೂರು ತಿಂಗಳ ಮಂಚ

ತಲೆ ಉಳಿದು ಕಾಲು ಮುರಿದರೂ ಲೆಕ್ಕ ಚಿಕ್ಕದಲ್ಲ. ದಿನಕ್ಕೆ 600 ರೂ. ದುಡಿಯುವ ಗಾರೆ ಕೆಲಸದವರೊಬ್ಬರು ಮೂರು ತಿಂಗಳು ಮಲಗಿದರು ಎಂದಿಟ್ಟುಕೊಳ್ಳಿ.

- ತಿಂಗಳಿಗೆ 26 ದಿನದಂತೆ ಹೋದ ಕೂಲಿ: 46,800 ರೂ.
- ನೋಡಿಕೊಳ್ಳಲು ಮನೆಯಲ್ಲೇ ಉಳಿದ ಹೆಂಡತಿಯ ಕೂಲಿ, ದಿನಕ್ಕೆ 400ರಂತೆ: 31,200 ರೂ.
- ಒಟ್ಟು: 78,000 ರೂ.

ಇದರಲ್ಲಿ ಆಪರೇಷನ್, ರಾಡು, ಔಷಧಿ, ಆಟೋ ಬಾಡಿಗೆ ಯಾವುದೂ ಸೇರಿಲ್ಲ. ಕೈಸಾಲದ ಬಡ್ಡಿಯೂ ಸೇರಿಲ್ಲ. ವಿಶ್ವಬ್ಯಾಂಕಿನ 2021ರ ವರದಿಯ ಪ್ರಕಾರ, ರಸ್ತೆ ಅಪಘಾತಕ್ಕೆ ಸಿಕ್ಕ ಭಾರತದ ಬಡ ಕುಟುಂಬಗಳಲ್ಲಿ ಶೇ 75ಕ್ಕೂ ಹೆಚ್ಚಿನವುಗಳ ಆದಾಯ ಕುಸಿದಿದೆ. ಮೂಳೆ ಕೂಡಿಕೊಳ್ಳುತ್ತದೆ. ಮಿದುಳಿಗೆ ಪೆಟ್ಟಾದರೆ ಮಾತು, ನೆನಪು, ಸಿಟ್ಟಿನ ಮೇಲಿನ ಹಿಡಿತ ಎಲ್ಲವೂ ಬದಲಾಗಬಹುದು. ದುಡಿದು ಮನೆ ನಡೆಸುತ್ತಿದ್ದವನಿಗೆ ಮನೆಯವರೇ ತುತ್ತು ತಿನ್ನಿಸಬೇಕಾಗಬಹುದು.

ನೆರವು ಎಷ್ಟಿದೆ?

2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡಾದ ಯುವಕ ಹರೀಶ್, ಸಾಯುವ ಮುನ್ನ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡರು. ಅದರ ಮರುತಿಂಗಳೇ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಸಾಂತ್ವನ ಯೋಜನೆ ತಂದಿತು. ಅದರಡಿ ಅಪಘಾತದ ಮೊದಲ 48 ಗಂಟೆಗೆ 25,000 ರೂ. ವರೆಗಿನ ಚಿಕಿತ್ಸೆ ಘೋಷಿಸಲಾಗಿತ್ತು. 2025ರ ಮೇ ತಿಂಗಳಿನಿಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ ಜಾರಿಯಲ್ಲಿದೆ: ಏಳು ದಿನ, ಗರಿಷ್ಠ 1.5 ಲಕ್ಷ ರೂ. ಇಂಥ ನೆರವು ದೊಡ್ಡ ಆಸರೆಯೇ. ಆದರೆ ಎಂಟನೇ ದಿನದಿಂದ ಭಾರ ಮತ್ತೆ ಮನೆಯ ಮೇಲೆ.

ಐಎಸ್‌ಐ ಗುರುತಿರುವ ಹೆಲ್ಮೆಟ್ ಸುಮಾರು ಸಾವಿರ ರೂಪಾಯಿಗೆ ಸಿಗುತ್ತದೆ. ಮನೆಯಲ್ಲಿ ಒಂದಿದ್ದರೆ ಇನ್ನೊಂದು ಕೊಳ್ಳಿ; ಹಿಂದೆ ಕೂರುವವರದೂ ತಲೆಯೇ. ಗಾಡಿ ಚಾಲೂ ಮಾಡುವ ಮುನ್ನ ಗದ್ದದ ಕೆಳಗಿನ ಪಟ್ಟಿ ‘ಟಕ್’ ಎಂದಿತೇ, ಕೇಳಿಸಿಕೊಳ್ಳಿ.